ಟಾಪಿಲ್ಲದ ಕಾರು, ಕೆಲಸವಿಲ್ಲದ ಎಡಗಾಲು

ನನ್ನ ಎಡಗಾಲು ನನಗಿಂತ ಮೊದಲೇ ನಿವೃತ್ತಿಯಾಯಿತು. ಶಾಲಿಲ್ಲ, ಹಾರವಿಲ್ಲ, ನಾಲ್ಕು ಒಳ್ಳೆಯ ಮಾತಿಲ್ಲ. ಒಂದು ಮುಂಜಾನೆ ಕಾರಿನಲ್ಲಿ ಕುಳಿತು ನೋಡಿದರೆ ಅದಕ್ಕೆ ಮಾಡಲು ಕೆಲಸವೇ ಇರಲಿಲ್ಲ. ಇಷ್ಟು ವರ್ಷ ಪ್ರೆಸ್ಸಿನ ಹಳೆ ವ್ಯಾನಿನ ಕ್ಲಚ್ಚು ತುಳಿದು ಮರ್ಯಾದೆಯಿಂದ ಬಾಳಿದ ಕಾಲು ಅದು. ಈಗ ಮದುವೆಮನೆಯಲ್ಲಿ ಗುರುತಿನವರು ಯಾರೂ ಸಿಗದ ನೆಂಟರ ಹಾಗೆ ಒಂದು ಮೂಲೆಯಲ್ಲಿ ಸುಮ್ಮನೆ ಕುಳಿತಿರುತ್ತದೆ.

ಬೆಟಗೇರಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿ ಬದುಕುವ ನಾನು ಒಂದು ಸ್ಪೋರ್ಟ್ಸ್ ಕಾರು ಕೊಂಡಿದ್ದೇನೆ. ಪರದೇಶದ್ದು, ಹಳೆಯದು, ಎರಡೇ ಸೀಟಿನದು, ಗೇರನ್ನು ತಾನೇ ಬದಲಿಸಿಕೊಳ್ಳುವಂಥದ್ದು. ಗುಂಡಿ ಒತ್ತಿದರೆ ಟಾಪು ಮಡಚಿಕೊಂಡು ಹಿಂದೆ ಹೋಗಿ ಅಡಗುತ್ತದೆ. ಓದುವ ನಿಮಗೇ ನಗು ಬರುತ್ತಿದೆಯೆಂದರೆ ಕಣ್ಣಾರೆ ಕಂಡ ನಮ್ಮ ಓಣಿಯವರನ್ನು ನಾನು ಹೇಗೆ ಬೈಯಲಿ? ಬೆಲೆಯನ್ನು ಮಾತ್ರ ಕೇಳಬೇಡಿ. ಅದನ್ನು ಹೆಂಡತಿಗೇ ಇನ್ನೂ ಹೇಳಿಲ್ಲ.

ಕೊಂಡದ್ದು ಹೆಂಡತಿಗಾಗಿ. ಗಿರಿಜೆಗೆ ಮುಚ್ಚಿದ ಗಾಡಿ ಆಗಿಬರುವುದಿಲ್ಲ. ಬಸ್ಸು ಹತ್ತಿ ಟಿಕೆಟು ಕೈಗೆ ಬರುವುದರೊಳಗೆ ಮುಖ ಬಿಳಿಚಿಕೊಳ್ಳುತ್ತದೆ, ಹೊಟ್ಟೆ ತೊಳಸುತ್ತದೆ. ನಿಂಬೆಹಣ್ಣು ಮೂಸಿದ್ದಾಯಿತು, ಶುಂಠಿ ಅಗಿದದ್ದಾಯಿತು, ಗುಳಿಗೆ ನುಂಗಿದ್ದಾಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಆಕೆ ಕೂತಿದ್ದರೆ, ಮಾತಾಡಿಸಿದರೆ ತ್ರಾಸು ಹೆಚ್ಚಾದೀತೆಂದು ನಾನು ಪಕ್ಕದಲ್ಲಿ ಪೇಪರ್ ಬಿಡಿಸಿಕೊಂಡು ಕೂಡುತ್ತಿದ್ದೆ. ಸ್ಕೂಟರಿನ ಮೇಲಾದರೆ ಆಕೆಗೆ ಏನೂ ಆಗುತ್ತಿರಲಿಲ್ಲ. ಬಿಂಕದಕಟ್ಟಿಯ ಮೃಗಾಲಯ ನೋಡಿ ಬಂದದ್ದು, ಹೊಂಬಳದ ಗೆಳತಿಯ ಮನೆಗೆ ಸುಟ್ಟ ಎಳೆಜೋಳದ ಸೀತನಿ ತಿನ್ನಲು ಹೋದದ್ದು ಎಲ್ಲ ಸ್ಕೂಟರಿನ ಮೇಲೆಯೇ. ಆಮೇಲೆ ಬೆನ್ನುನೋವು ಬಂತು. ಡಾಕ್ಟರು ಸ್ಕೂಟರ್ ಬಿಡಿಸಿದರು, ಆಕೆಯ ತಿರುಗಾಟವೂ ನಿಂತಿತು.

ತವರು ಮುಂಡರಗಿ, ಬಸ್ಸು ಹತ್ತಿದರೆ ತಾಸೊಂದರ ಹಾದಿ. ಆದರೂ ತಂಗಿ ಶಾಂತಾಳ ಮನೆಗೆ ಹೋಗದೆ ವರ್ಷಗಳೇ ಆಗಿದ್ದವು. ಅಕ್ಕತಂಗಿಯರ ಸಂಸಾರವೆಲ್ಲ ಫೋನಿನಲ್ಲೇ ನಡೆಯುತ್ತಿತ್ತು. ಹೀಗಿರಲು ಶಾಂತಾಳ ಒಬ್ಬಳೇ ಮಗಳು ಸಹನಾಳ ಕುಬಸ ಗೊತ್ತಾಯಿತು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಕಾರ್ಯ. ದೊಡ್ಡವ್ವ ತನ್ನ ಕೈಯಾರೆ ತುಂಬಬೇಕು. ಫೋನು ಇಟ್ಟು ಗಿರಿಜೆ ಅಡುಗೆಮನೆಯ ಕಡೆ ತಿರುಗಿದಳು.

“ನಾ ಹೆಂಗ ಹೋಗ್ಲಿ? ಶುಭಕಾರ್ಯದ ಮನ್ಯಾಗ ಹೋಗಿ ವಾಂತಿ ಮಾಡ್ಕೊಂಡು ಮಲಗಿದ್ರ ಛಂದ ಕಾಣತೈತೇನು?”

ಆಕೆ ಅತ್ತಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ. ಅಳದೆ ಒಗ್ಗರಣೆ ಹಾಕಿದ್ದು ಕಂಡು ನನಗೆ ಬಹಳ ಸಂಕಟವಾಯಿತು.

ಹಳೆ ಗಾಡಿಗಳ ದಲ್ಲಾಳಿ ಶೇಖಪ್ಪ ನನ್ನ ಸಾಲಿ ಗೆಳೆಯ. ನನ್ನ ಚಿಂತೆ ಕೇಳಿ ಅವನು ನನ್ನನ್ನು ಗದಗಿನ ಹತ್ತಿ ಗಿರಣಿಯೊಂದಕ್ಕೆ ಕರೆದೊಯ್ದು ತಾಡಪತ್ರಿ ಎತ್ತಿ ತೋರಿಸಿದ. ಕೆಳಗೆ ಕೆಂಪು ಕಾರು, ಮೈಯೆಲ್ಲ ಹತ್ತಿಯ ಎಳೆ. ಗಿರಣಿಯ ಸಾಹುಕಾರರು ಪುಣೆಯಿಂದ ಹೌಸಿಗೆ, ಅಂದರೆ ಶೋಕಿಗೆ, ತಂದಿದ್ದರಂತೆ. ಒಳಗೆ ಕೂತ ಮೇಲೆ ಅವರನ್ನು ಮೇಲೇಳಿಸಲು ಇಬ್ಬರು ಹಮಾಲರು ಬೇಕಾದ್ದರಿಂದ ಹೌಸು ಜಲ್ದಿ ಇಳಿಯಿತು.

“ಟಾಪ ತಗದ್ರ ಚಕ್ಕಡಿ, ಮುಚ್ಚಿದ್ರ ಕಾರು. ವೈನಿಗೆ ಹೇಳಿ ಮಾಡಿಸಿದಂಗ ಐತಿ ನೋಡಲೇ” ಎಂದ ಶೇಖಪ್ಪ.

ಮರುದಿನ ಅವನ ವೈನಿ, ಅಂದರೆ ನನ್ನ ಗಿರಿಜೆ, ಬಂದಳು. ನಾವು ಗಾಡಿ ಕೊಳ್ಳುವಾಗ ಎಂಜಿನ್ನು, ಟಯರು ನೋಡುತ್ತೇವೆ. ಆಕೆ ಒಳಗೆ ಕೂತು ಕಣ್ಣು ಮುಚ್ಚಿ ಮೂಸಿ ನೋಡಿದಳು. “ಹತ್ತಿ ವಾಸನಿ ಬರತೈತಿ. ನಡೀತೈತಿ” ಎಂದಳು. ಅದೇ ಪರೀಕ್ಷೆ, ಅದೇ ಫಲಿತಾಂಶ.

ಸೆಕೆಂಡ್ ಹ್ಯಾಂಡ್ ಎಂದು ಮೂಗು ಮುರಿದವರಿಗೆ ಕೊಡಲು ನಾನು ಪುರಾಣದ ಆಧಾರವನ್ನೂ ಹುಡುಕಿಟ್ಟುಕೊಂಡೆ. ಪುಷ್ಪಕ ವಿಮಾನವನ್ನೇ ತೆಗೆದುಕೊಳ್ಳಿ. ಮಾಡಿಸಿಕೊಂಡವರು ಒಬ್ಬರು, ಕಸಿದುಕೊಂಡವರು ಇನ್ನೊಬ್ಬರು, ಹೆಂಡತಿಯನ್ನು ಕೂಡಿಸಿಕೊಂಡು ಊರಿಗೆ ಬಂದವರು ಮತ್ತೊಬ್ಬರು. ಅಂದರೆ ಮೂರನೆಯ ಕೈ. ಕಡಲಾಚೆಯಿಂದ ಬಂದದ್ದರಿಂದ ಪರದೇಶಿ. ಮನಸ್ಸಿನಲ್ಲಿ ನೆನೆದರೆ ಸಾಕು, ಹೊರಡುತ್ತಿತ್ತು. ಕ್ಲಚ್ಚಿನ ಮಾತು ಎಲ್ಲಿಯೂ ಬರುವುದಿಲ್ಲ. ಇನ್ನು ಟಾಪಿನ ವಿಷಯ. ಲಕ್ಷ್ಮೇಶ್ವರದ ಗುಡಿಯ ಗೋಡೆ ನೋಡುತ್ತ ಒಮ್ಮೆ ನನಗೆ ಹೊಳೆದದ್ದು: ಎತ್ತಿರಲಿ, ನವಿಲಿರಲಿ, ಇಲಿಯಿರಲಿ, ನಮ್ಮ ದೇವರ ಯಾವ ವಾಹನಕ್ಕೂ ಟಾಪಿಲ್ಲ. ಅವರಿಗೂ ಹೊಟ್ಟೆ ತೊಳಸುತ್ತಿತ್ತೋ ಏನೋ ಎಂಬ ಕುತೂಹಲ ನನಗೆ ಈಗಲೂ ಉಳಿದಿದೆ.

ಪೂಜೆಯ ದಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಓಣಿಯೆಲ್ಲ ಸುತ್ತ ನಿಂತಿತ್ತು. ಕಾರು ಒಂದು ಕೂದಲೆಳೆ ಅಲುಗಿತೋ ಇಲ್ಲವೋ, ಎಡಗಾಲು ಹಳೆಯ ನಿಯತ್ತಿನಿಂದ ಕ್ಲಚ್ಚು ಹುಡುಕಿ ಸಿಕ್ಕದ್ದನ್ನು ಒತ್ತಿತು. ಸಿಕ್ಕದ್ದು ಬ್ರೇಕು. ನನ್ನ ಹಣೆ ಸ್ಟೇರಿಂಗಿಗೆ ತಾಗಿತು. ನಿಂಬೆಹಣ್ಣುಗಳು ಇಟ್ಟ ಹಾಗೇ ಇದ್ದವು. “ಹಣ್ಣ ಒಡೀಲಿ ಅಂದ್ರ ಹಣಿ ಒಡಕೊಳ್ಳಾಕತ್ತೀರಲ್ರೀ” ಎಂದು ಯಾರೋ ಹಿಂದಿನಿಂದ ಅಂದರು. ಆ ಹೊತ್ತಿನಿಂದ ಎಡಗಾಲನ್ನು ಮಡಚಿ ಸೀಟಿನ ಬುಡಕ್ಕೆ ತಳ್ಳಿದ್ದೇನೆ.

ಕುಬಸದ ಮುಂಜಾನೆ ಟಾಪು ತೆಗೆದು ಹೊರಟೆವು. ಗಿರಿಜೆ ತಲೆ ತುಂಬ ಸೆರಗು ಹೊದ್ದು, ಎರಡೂ ಕೈಯಲ್ಲಿ ಅದನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು. ನಾನು ಹಾದಿ ನೋಡುವುದನ್ನು ಬಿಟ್ಟು ಆಕೆಯ ಮುಖವನ್ನೇ ನೋಡುತ್ತಿದ್ದೆ. ಬಿಳಿಚಲಿಲ್ಲ. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರದ ಫ್ಯಾನುಗಳು ಕಂಡಾಗ ಏನೋ ಹೇಳಿದಳು, ಗಾಳಿಗೆ ಕೇಳಿಸಲಿಲ್ಲ. ನಾನೂ ಏನೋ ಹೇಳಿದೆ, ಅದೂ ಹಾರಿಹೋಯಿತು.

ಡಂಬಳ ದಾಟಿದ ಮೇಲೆ ರಸ್ತೆಯ ಮೇಲೆ ಹುರಳಿ ಹಾಸಿದ್ದರು. ಸುಗ್ಗಿಯಲ್ಲಿ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಹೋಗಿಬರುವ ಲಾರಿ ಬಸ್ಸುಗಳೇ ತುಳಿದು ಒಕ್ಕಿಕೊಡುತ್ತವೆ. “ಬರ್ರಿ ಬರ್ರಿ, ಏನೂ ಆಗಂಗಿಲ್ಲ” ಎಂದು ದಂಡೆಯಲ್ಲಿದ್ದ ಹೆಣ್ಣುಮಗಳು ಕೈ ಬೀಸಿದಳು. ಹೋದೆ. ನನ್ನ ಕಾರಿನ ಹೊಟ್ಟೆಗೂ ನೆಲಕ್ಕೂ ಒಂದು ಗೇಣೂ ಅಂತರವಿಲ್ಲವೆಂಬುದು ನಡುಮಧ್ಯದಲ್ಲಿ ನೆನಪಾಯಿತು. ಬಳ್ಳಿಯೆಲ್ಲ ಒಳಗೆ ಸಿಕ್ಕಿ ಕಾರು ನಿಂತಿತು. ಆ ಹೆಣ್ಣುಮಗಳ ಗಂಡ ಕುಡುಗೋಲು ಹಿಡಿದು ಅಂಗಾತ ಮಲಗಿ ಒಂದು ಹೊರೆಯಷ್ಟು ಹೊರಗೆಳೆದ.

“ಸಾಹೇಬರ, ಇದನ್ನ ಹೊಲದಾಗ ಬಿಟ್ರ ಕಳೆ ಛಲೋ ತಗೀತೈತಿ ನೋಡ್ರಿ.”

ಹೊಟ್ಟು ಮೆತ್ತಿಕೊಂಡ ತಲೆಗಳಲ್ಲೇ ಮುಂಡರಗಿ ಸೇರಿದೆವು. ಶಾಂತಾ ಆರತಿ ಹಿಡಿದು ಬಾಗಿಲಿಗೆ ಬಂದಳು. ಆರತಿ ಗಿರಿಜೆಗೋ ಕಾರಿಗೋ ಎಂದು ಕೇಳಬೇಕೆನ್ನುವಷ್ಟರಲ್ಲಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಅಕ್ಕನನ್ನು ಅಪ್ಪಿಕೊಂಡು ಅತ್ತಳು. ನಾನೇ ಕಾರಿಗೆ ಬೆಳಗಿದೆ. ಗಿರಿಜೆ ಸಹನಾಳಿಗೆ ಉಡಿ ತುಂಬಿದಳು, ಹೋಳಿಗೆ ಬಡಿಸಿದಳು, ಸೋಬಾನೆಗೆ ದನಿ ಕೂಡಿಸಿದಳು. ಆಕೆಯ ನಗು ಕಂಡು ನನಗೂ ಕಾರಿನ ಬೆಲೆ ಮರೆತುಹೋಯಿತು.

ಆದರೆ ಒಂದು ಮಾತು ನಮಗೆ ಯಾರಿಗೂ ಹೊಳೆದಿರಲಿಲ್ಲ. ತವರಿಗೆ ಬಂದ ಮಗಳನ್ನು ಬರಿಗೈಲಿ ಕಳಿಸುವುದುಂಟೇ? ಹೊರಡುವ ಹೊತ್ತಿಗೆ ಶಾಂತಾ ಅಕ್ಕನ ಸೆರಗಿನಲ್ಲಿ ಐದು ಸಲ ಅಕ್ಕಿ ಹಾಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ಇಟ್ಟು ಉಡಿ ತುಂಬಿದಳು. ಆ ಅಕ್ಕಿ ಕಾಳು ಚೆಲ್ಲದ ಹಾಗೆ ಮನೆ ಮುಟ್ಟಿ ದೇವರ ಮುಂದೆ ಇಳಿಯಬೇಕು. ಗಿರಿಜೆ ಉಡಿ ಹಿಡಿದು ಕಾರಿನಲ್ಲಿ ಕೂತಳು, ಮೇಲೆ ಖಾಲಿ ಆಕಾಶ ನೋಡಿದಳು, ಉಡಿ ನೋಡಿದಳು.

“ಟಾಪ ಮುಚ್ಚರಿ. ಅಕ್ಕಿ ಹಾರ್ತಾವ.”

“ಗಂಟು ಕಟ್ಟಿ ಡಿಕ್ಕಿಯಾಗ ಇಡೋಣು.”

“ತವರಿನ ಉಡಿ ಡಿಕ್ಕಿಯಾಗ ಇಡ್ತಾರೇನ್ರಿ? ಮುಚ್ಚರಿ.”

ಗುಂಡಿ ಒತ್ತಿದೆ. ಯಾವುದನ್ನು ತೆಗೆಯಲೆಂದೇ ಕಾರು ಕೊಂಡಿದ್ದೆನೋ ಅದು ಬಂದು ನಮ್ಮಿಬ್ಬರ ತಲೆಯ ಮೇಲೆ ಮುಚ್ಚಿಕೊಂಡಿತು. ಆಕೆಗೇನಾದರೂ ಆದರೆ ಉಡಿಯೂ ಹೋಯಿತು, ಇನ್ನೊಮ್ಮೆ ಹೊರಡುವ ಧೈರ್ಯವೂ ಹೋಯಿತು. ಆಕೆಯ ಲಕ್ಷ್ಯ ಬೇರೆ ಕಡೆ ತಿರುಗಲೆಂದು ಕೇಳಿದೆ, “ಸಹನಾ ಏನಂದ್ಳು?”

ಅಷ್ಟೇ ಸಾಕಾಯಿತು. ಸಹನಾ ಅಂದದ್ದು, ಸಹನಾಳ ಅತ್ತೆ ಅಂದದ್ದು, ಶಾಂತಾಳ ಮೊಣಕಾಲು, ಹಿತ್ತಲಿನ ನುಗ್ಗೆಗಿಡ, ತಾವಿಬ್ಬರೂ ಸಣ್ಣವರಿದ್ದಾಗ ಚಕ್ಕಡಿಯಲ್ಲಿ ಶಿರಹಟ್ಟಿಯ ಮಠಕ್ಕೆ ಹೋಗಿ ಚಪ್ಪಲಿ ಕಳಕೊಂಡದ್ದು. ಇದನ್ನೆಲ್ಲ ನಾನು ಮೊದಲು ಕೇಳಿಯೇ ಇರಲಿಲ್ಲ. ಕೇಳದೆ ಮಾಡುವುದಾದರೂ ಏನು? ಬದಲಿಸಲು ಗೇರಿಲ್ಲ, ತುಳಿಯಲು ಕ್ಲಚ್ಚಿಲ್ಲ, ಟಾಪು ಮುಚ್ಚಿದ್ದರಿಂದ ಒಂದು ಅಕ್ಷರವೂ ಹೊರಗೆ ಹಾರುವಂತಿರಲಿಲ್ಲ. “ಆಮ್ಯಾಲ?” ಎನ್ನುತ್ತ ಹೋದೆ. ನಿಜಕ್ಕೂ ತಿಳಿಯಬೇಕೆಂಬ ಆಸೆ ಹುಟ್ಟಿತ್ತು. ಚಪ್ಪಲಿ ಸಿಕ್ಕಿದವೋ ಇಲ್ಲವೋ ಎನ್ನುವಷ್ಟರಲ್ಲಿ ಬೆಟಗೇರಿ ಬಂತು.

ಗಿರಿಜೆ ಒಳಗೆ ಹೋಗಿ ದೇವರ ಮುಂದೆ ಅಕ್ಕಿ ಇಳಿಸಿ, ತಟ್ಟನೆ ಹೊರಗೆ ಬಂದು ನಿಂತಳು.

“ರೀ, ಟಾಪ ಮುಚ್ಚಿತ್ತಲ್ರೀ? ನನಗ ಏನೂ ಆಗಲಿಲ್ಲಲಾ.”

“ನೀ ಮಾತಾಡಾಕತ್ತಿದ್ದಿ, ಹೊಟ್ಟಿಗೆ ಪುರುಸೊತ್ತ ಸಿಗಲಿಲ್ಲ” ಎಂದೆ. “ಹಂಗಾರ ಈ ಗಾಡಿ ಶೇಖಪ್ಪಗ ತಿರುಗಿ ಕೊಡೋಣೇನು? ಇನ್ನ ಬಸ್ಸಿನ್ಯಾಗ ಹೋಗಬಹುದು.”

ಆಕೆ ಕಾರಿನ ಬಾನೆಟ್ಟಿಗೆ ಅಂಟಿದ್ದ ಹುರಳಿ ಎಲೆಯೊಂದನ್ನು ತೆಗೆದು ಹಾಕಿದಳು.

“ಬ್ಯಾಡ. ಬಸ್ಸಿನ್ಯಾಗ ನಿಮಗ ಪೇಪರ್ ಸಿಗತೈತಿ.”

ಕಾರು ಉಳಿದಿದೆ. ಮುಂದಿನ ವಾರ ಶಿರಹಟ್ಟಿಗೆ ಹೋಗುವುದಿದೆ, ಚಪ್ಪಲಿಯ ಕಥೆ ಅರ್ಧಕ್ಕೇ ನಿಂತಿದೆ. ಎಡಗಾಲಿಗೆ ಇನ್ನೂ ಕೆಲಸವಿಲ್ಲ. ಅದರ ನೌಕರಿಗೆ ಈಗ ಎಡಗಿವಿ ಹಾಜರಾಗಿದೆ.