ಕಡಲಿನ ಚಿತ್ರ, ಭಾವಿಯ ಹಗ್ಗ

ಸಮುದ್ರ ಎಂದರೇನು ಎಂದು ಆಗ ಯಾರಾದರೂ ಕೇಳಿದ್ದರೆ, ಭೂತನಾಳದ ಕೆರೆಗಿಂತ ಒಂದಿಷ್ಟು ದೊಡ್ಡದು ಎಂದುಬಿಡುತ್ತಿದ್ದೆ. ಅದಕ್ಕಿಂತ ದೊಡ್ಡ ನೀರನ್ನು ನಾನು ಕಂಡಿರಲೇ ಇಲ್ಲ. ಯುದ್ಧ ಮುಗಿದಿತ್ತು, ರೇಷನ್ ಮುಗಿದಿರಲಿಲ್ಲ. ನಾನು ಟಿಕೋಟಾದ ಹುಡುಗಿ. ಸಾಲಿ ಕಲಿಯಲೆಂದು ವಿಜಾಪುರದ ಜೋರಾಪುರ ಪೇಟೆಯಲ್ಲಿ ಆಯಿಯ ಹತ್ತಿರ ಇದ್ದೆ. ಆಯಿ ಎಂದರೆ ಅಪ್ಪನ ತಾಯಿ. ನನ್ನ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿದದ್ದೇ ತಡ, ಬಬಲೇಶ್ವರದ ಒಂದು ಮನೆತನದವರು ಬಂದು ನನ್ನನ್ನು ನೋಡಿ, ಒಪ್ಪಿ, ಅವಲಕ್ಕಿ ತಿಂದು ಹೋದರು. ಹುಡುಗನಿಗೆ ಕಾರವಾರದ ಬಂದರು ಕಚೇರಿಯಲ್ಲಿ ಗುಮಾಸ್ತನ ಕೆಲಸ. ತಲೆ ಎತ್ತುವ ಹಾಗಿರಲಿಲ್ಲವಲ್ಲ, ನಾನು ಹುಡುಗನ ಪಾದ ಮಾತ್ರ ನೋಡಿದೆ. ಸ್ವಚ್ಛವಾಗಿದ್ದವು. ಅಷ್ಟಕ್ಕೇ ನನ್ನ ಮನಸ್ಸು ಹೂಂ ಅಂದಿತ್ತು.

ಅಡ್ಡಗಾಲು ಹಾಕಿದವಳು ಆಯಿ.

“ಉಪ್ಪನೀರಿನ ಊರಿಗೆ ನನ್ನ ಮೊಮ್ಮಗಳನ್ನ ಕೊಡೂದಿಲ್ಲ,” ಎಂದಳು. “ಸಮುದ್ರದ ದಂಡಿ ಮ್ಯಾಲ ಇದ್ದವ್ರು ಕುಡಿಯಾಕ ಏನ್ ಕುಡೀತಾರ? ಕೂಸು ಬಿಂದಿಗಿ ಹೊತ್ತು ಎಲ್ಲಿತನಕ ನಡೀಬೇಕು?”

ಅಪ್ಪ ಟಿಕೋಟಾದಿಂದ ಬಂದಿದ್ದವರು ಕೈಚೆಲ್ಲಿ ಕೂತರು. “ಸೋಮವಾರ ಬಬಲೇಶ್ವರಕ್ಕ ಮಾತು ಮುಟ್ಟಿಸಬೇಕು. ಅವ್ವ ಹೂಂ ಅಂದ್ರ ಹೂಂ, ಒಲ್ಲೆ ಅಂದ್ರ ಒಲ್ಲೆ.”

ಆಯಿಯ ಹಟಕ್ಕೆ ಕಾರಣ ಅವಳ ಅಂಗೈಯಲ್ಲೇ ಇತ್ತು. ಭೂತನಾಳದ ನೀರು ನಳಕ್ಕೆ ಬಂದ ದಿನ ನಮ್ಮ ಪುಣ್ಯ. ಬಾರದ ದಿನ ಹಿತ್ತಲಿನ ಭಾವಿಯೇ ಗತಿ. ಆ ಭಾವಿಯೋ, ಪಾತಾಳ! ಕೊಡ ತಳ ಮುಟ್ಟಿದ ಸಪ್ಪಳ ಮೇಲಕ್ಕೆ ಕೇಳಿಸುತ್ತಲೂ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಆ ಹಗ್ಗ ಜಗ್ಗಿ ಜಗ್ಗಿ ಅವಳ ಅಂಗೈ ಜಡ್ಡುಗಟ್ಟಿತ್ತು. ಪ್ರೀತಿ ಬಂದು ನನ್ನ ಗಲ್ಲ ಸವರಿದರೆ ಗೀರುತ್ತಿತ್ತು. “ಬಿಡ ಆಯಿ, ಉರೀತೈತಿ,” ಎಂದು ನಾನು ಮುಖ ಹೊರಳಿಸುತ್ತಿದ್ದೆ.

ಅದೇ ವಾರ ನನಗೆ ಪಾಠ ಹೇಳಿದ ಸಾಲಿಯ ಬಾಯಿಯವರು ದಾರಿಯಲ್ಲಿ ಸಿಕ್ಕು ಒಂದು ಸುದ್ದಿ ಹೇಳಿದರು: ಗೋಳಗುಮ್ಮಟದ ಮುಂದಿನ ಮ್ಯೂಸಿಯಂನಲ್ಲಿ ಕಾರವಾರದ ಕಡೆಯ ಚಿತ್ರಕಾರನೊಬ್ಬ ಬರೀ ಸಮುದ್ರದ ಚಿತ್ರಗಳನ್ನೇ ತೂಗುಹಾಕಿದ್ದಾನಂತೆ. ಇನ್ನು ನನ್ನನ್ನು ಹಿಡಿಯುವವರು ಯಾರು? ಆಯಿಯ ಸೆರಗು ಬಿಡಲಿಲ್ಲ.

“ಮಂದಿ ಬಂದು ನನ್ನ ನೋಡಿ ಹೋದ್ರು. ನಾ ಹೋಗು ಊರನ್ನ ನಾ ಒಮ್ಮೆರ ನೋಡಬಾರದೇನು?”

“ಬಾಯಿ ಭಾಳ ಆಗೇತಿ ನಿಂದು,” ಎಂದು ಬೈಯುತ್ತಲೇ ಅವಳು ಟಾಂಗಾ ಹತ್ತಿದಳು.

ಒಳಗೆ ಹಳೆಯ ಶಿಲಾಶಾಸನ, ಕತ್ತಿ, ಪಿಂಗಾಣಿ ಬಟ್ಟಲುಗಳ ನಡುವೆ ಗೋಡೆ ತುಂಬ ನೀರೇ ನೀರು. ಒಂದು ಹಸಿರು, ಒಂದು ಬೂದಿ ಬಣ್ಣ, ಸಂಜೆಯದೊಂದು ಕೆಂಪೋ ಕೆಂಪು. ಹತ್ತಿರ ಹೋದರೆ ಬರೀ ಒರಟು ಬಣ್ಣದ ಗಡ್ಡೆ. ಹಿಂದೆ ಸರಿದರೆ ಅಲೆ ಏಳುತ್ತಿತ್ತು. ಹೋಗುವುದು, ಸರಿಯುವುದು, ಮತ್ತೆ ಹೋಗುವುದು. ಪಹರೆಯವನು ನನ್ನನ್ನೇ ದಿಟ್ಟಿಸತೊಡಗಿದ. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತವರೇ ಚಿತ್ರಕಾರರೆಂದು ತಿಳಿದು ನೇರ ಅಲ್ಲಿಗೇ ಹೋದೆ.

“ಇದರ ಆಚೀ ದಂಡಿ ಯಾಕ ಬರದಿಲ್ರಿ?”

“ಕಾಣೋದಿಲ್ಲ ತಂಗಿ. ಹುಟ್ಟಿದಾಗಿನಿಂದ ನೋಡ್ತಿದ್ದೇನೆ, ನನಗೂ ಕಂಡಿಲ್ಲ.”

“ಸಪ್ಪಳ ಮಾಡತೈತೇನ್ರಿ?”

“ಹಗಲೂ ರಾತ್ರಿ. ಅದು ಕೇಳದೆ ನಿಮ್ಮೂರಲ್ಲಿ ನನಗೆ ನಿದ್ದೆಯೇ ಬಂದಿಲ್ಲ.”

ಇನ್ನೂ ಕೇಳುವವಳಿದ್ದೆ. ಅಷ್ಟರಲ್ಲಿ ಆಯಿ ಬಂದಳು. ಎಮ್ಮೆ ಕೊಳ್ಳಲು ಬಂದವಳ ಹಾಗೆ ಒಂದೊಂದು ಚಿತ್ರವನ್ನೂ ಮೇಲೆ ಕೆಳಗೆ ನೋಡಿ ಮುಗಿಸಿದ್ದಳು.

“ಏನೋ ತಮ್ಮಾ, ಇಷ್ಟ ನೀರ ಬರದಿ. ಇದರಾಗ ಕುಡಿಯು ನೀರು ಎಲ್ಲೈತಿ?”

ಅವರು ತಬ್ಬಿಬ್ಬಾದರು, ಆಮೇಲೆ ಜೋರಾಗಿ ನಕ್ಕರು. “ಅಜ್ಜೀ, ನಮ್ಮ ಮನೆಯಿಂದ ಕಲ್ಲು ಒಗೆದರೆ ಸಮುದ್ರಕ್ಕೆ ಬೀಳ್ತದೆ. ಆದರೂ ಹಿತ್ತಲಲ್ಲೇ ಬಾವಿ. ಸಿಹಿ ನೀರು.”

“ಸುಳ್ಳು,” ಎಂದಳು ಆಯಿ, ಮುಖಕ್ಕೆ ಮುಖ ಕೊಟ್ಟು. “ಹಗ್ಗ ಎಷ್ಟುದ್ದ ಬೇಕು?”

ಅವರು ಎರಡೂ ತೋಳು ಚಾಚಿ, ಇನ್ನೊಮ್ಮೆ ಚಾಚಿ ತೋರಿಸಿದರು. “ಇಷ್ಟೇ. ಮಳೆಗಾಲದಲ್ಲಿ ಬಗ್ಗಿ ತಂಬಿಗೆಯಲ್ಲೇ ಮೊಗೆಯಬಹುದು.”

ಆಯಿ ನಂಬಲಿಲ್ಲ. ಅವರು ಚೀಲದಿಂದ ಹಾಳೆ, ಪೆನ್ಸಿಲ್ ತೆಗೆದು ನಿಂತಲ್ಲೇ ಗೀಚಿದರು: ಎರಡು ತೆಂಗಿನ ಮರ, ಬಾವಿಕಟ್ಟೆ, ನೀರು ಸೇದುವ ಹೆಂಗಸು, ಹಿಂದೆ ಒಂದು ಗೆರೆ ಸಮುದ್ರ. ಆ ಹೆಂಗಸು ತಮ್ಮ ತಾಯಿ ಎಂದರು. ಆಯಿ ಅವಳ ಮುಖವನ್ನು ನೋಡಲಿಲ್ಲ, ಸಮುದ್ರವನ್ನೂ ನೋಡಲಿಲ್ಲ. ಕೊಡದಿಂದ ಕೈಗೆ ಬಂದಿದ್ದ ಆ ಗೇಣುದ್ದದ ಹಗ್ಗವನ್ನೇ ನೋಡುತ್ತ ನಿಂತಳು.

“ಇದನ್ನ ಗ್ವಾಡಿಗಿ ಹಾಕಬೇಕಿತ್ತು ನೋಡು ನೀ,” ಎಂದಳು ಕೊನೆಗೆ.

ಮನೆಗೆ ಬಂದು ಅಪ್ಪನಿಗೆ “ಹೂಂ ಅನ್ನು ಹೋಗು” ಎಂದವಳು, ಆ ಸಂಜೆಯೆಲ್ಲ ನನ್ನನ್ನು ಸುಮ್ಮಸುಮ್ಮನೆ ಬೈದಳು. ರೊಟ್ಟಿ ದಪ್ಪ, ನಡಿಗೆ ಗಂಡಸರದು, ಜಡೆ ಸಡಿಲು. ನಾನು ಹೋಗುತ್ತೇನೆಂದು ಅವಳಿಗೆ ಸಂಕಟವಾಗಿತ್ತು, ನನಗೂ ಆಗಿತ್ತು. ಬೈಸಿಕೊಂಡೆ.

ಮದುವೆಯಾಗಿ ಹೊರಡುವಾಗ ನನ್ನ ಟ್ರಂಕು ಎತ್ತಲಾಗದಷ್ಟು ಭಾರವಾಗಿತ್ತು. ತೆಗೆದು ನೋಡಿದರೆ ಸೀರೆಗಳ ಕೆಳಗೆ ಭಾವಿಯ ಹೊಸ ಹಗ್ಗ, ನಮ್ಮ ಭಾವಿಯಷ್ಟೇ ಉದ್ದದ್ದು! “ಚಿತ್ರಾ ಬರಿಯಾವ್ರು ಸುಳ್ಳ ಬರದಿದ್ರ ಏನ್ ಮಾಡತಿ?” ಎಂದಳು ಆಯಿ.

ಕಾರವಾರ ಮುಟ್ಟಿದ ಮರುದಿನ ಬೆಳಿಗ್ಗೆ ಆ ಹಗ್ಗಕ್ಕೇ ಕೊಡ ಕಟ್ಟಿ ಹಿತ್ತಲಿನ ಭಾವಿಗೆ ಇಳಿಬಿಟ್ಟೆ. ಕೈ ಬಿಗಿ ಮಾಡಿಕೊಳ್ಳುವ ಮೊದಲೇ ಕೊಡ ನೀರಿಗೆ ಬಿತ್ತು. ಉಳಿದ ಹಗ್ಗವೆಲ್ಲ ಕಾಲ ಬುಡದಲ್ಲಿ ರಾಶಿ ಬಿದ್ದಿತ್ತು. ನಾನು ಬಿದ್ದು ಬಿದ್ದು ನಕ್ಕೆ. ಗಂಡ ಗಾಬರಿಯಾಗಿ ಹೊರಗೆ ಓಡಿಬಂದರು. ಸಮುದ್ರವನ್ನೂ ಅಂದೇ ನೋಡಿದೆ. ಮ್ಯೂಸಿಯಂನ ಗೋಡೆಯ ಮೇಲೆ ಕಂಡ ಯಾವ ಬಣ್ಣವೂ ಅದಕ್ಕಿರಲಿಲ್ಲ.

ಪಂಚಮಿಗೆ ತವರಿಗೆಂದು ಆಯಿಯ ಮನೆಗೇ ಬಂದೆ. ಹೊಸ್ತಿಲು ದಾಟಿರಲಿಲ್ಲ, ಆಯಿ ಎದ್ದು ಬಂದಳು. ಗಂಡ ಹೇಗೆ, ಅತ್ತೆ ಹೇಗೆ, ಒಂದನ್ನೂ ಕೇಳಲಿಲ್ಲ.

“ಕೈ ತೋರಸ.”

ನನ್ನ ಅಂಗೈ ಹೊರಳಿಸಿ ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. “ಮೆತ್ತಗ ಅದಾವಬೇ,” ಎಂದಳು. “ಈ ಮನ್ಯಾಗಿನ ಹೆಣಮಕ್ಕಳಿಗೆ ಇಂಥಾ ಕೈ ಇರಲೇ ಇಲ್ಲ.” ಅಳು ತಡೆಯಲಾಗಲಿಲ್ಲ ಅವಳಿಗೆ. ಅಳುತ್ತಲೇ ನನ್ನ ಗಲ್ಲ ಸವರಿದಳು. ಗೀರಿತು. ನಾನು ಮುಖ ಹೊರಳಿಸಲಿಲ್ಲ.