ಮಣೆಯಿಂದ ಕುರ್ಚಿಗೆ

ಮೊದಲು ಸದ್ದು ಬಂತು. ನೋವು ಬಂದದ್ದು ಆಮೇಲೆ.

ಬೆಳಗಿನ ಲಿಂಗಪೂಜೆ ಮುಗಿಸಿ ಮಣೆಯಿಂದ ಏಳುವಾಗ ಬಲಮಂಡಿ ಕಟಕ್ಕೆಂದಿತು. ರಿಟೈರ್ ಆದ ಮಂಡಿ, ಏನಾದರೂ ಗೊಣಗಲಿ ಬಿಡು ಎಂದುಕೊಂಡೆ. ಆರು ತಿಂಗಳು ಕಳೆಯುವಷ್ಟರಲ್ಲಿ ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲೆತ್ತಲು ಆಗದೆ ನಿಂತೆ.

ತುಮಕೂರಿನ ಮೂಳೆ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಕ್ಸ್‌ರೇ ನೋಡಿ, "ಆಸ್ಟಿಯೋಆರ್ಥ್ರೈಟಿಸ್ ಮೇಡಂ. ಕಾರ್ಟಿಲೇಜ್ ತುಂಬಾ ತೆಳ್ಳಗಾಗಿದೆ. ಕಾರ್ಟಿಲೇಜ್ ಅಂದ್ರೆ..." ಎಂದು ವಿವರಿಸಲು ಹೊರಟರು.

"ಮೃದ್ವಸ್ಥಿ," ಅಂದೆ.

ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ವಿಜ್ಞಾನ ಹೇಳಿಕೊಟ್ಟವಳು ನಾನು. ಮೃದ್ವಸ್ಥಿಗೆ ಪೆಟ್ಟಾದರೆ ಸುಲಭವಾಗಿ ಮಾಯುವುದಿಲ್ಲ, ಏಕೆ? ಇದು ನನ್ನ ಮೆಚ್ಚಿನ ಒಂದು ಅಂಕದ ಪ್ರಶ್ನೆ. ಅದರಲ್ಲಿ ರಕ್ತನಾಳಗಳಿಲ್ಲ, ಅದಕ್ಕೆ. ಉತ್ತರ ಗೊತ್ತಿದ್ದದ್ದರಿಂದಲೇ ಎದೆ ಕುಸಿಯಿತು.

ಗೊತ್ತಿಲ್ಲದ್ದನ್ನು ಅವರು ಹೇಳಿದರು. ಡಸ್ಟರಿನ ಮೆತ್ತೆ ಸವೆದು ಮರ ಬೋರ್ಡಿಗೆ ತಾಗುತ್ತದಲ್ಲ, ಹಾಗೆ ಇದೂ ಬರೀ ಸವೆತ ಎಂದುಕೊಂಡಿದ್ದೆ. ಅಷ್ಟೇ ಅಲ್ಲವಂತೆ. ಮೃದ್ವಸ್ಥಿಯಲ್ಲಿ ನೀರನ್ನು ಹಿಡಿದಿಡುವ ಪ್ರೋಟಿಯೋಗ್ಲೈಕಾನ್ ಎಂಬ ಅಣುಗಳಿರುತ್ತವೆ. ಅವನ್ನು ಬಿಗಿಯಾಗಿ ಇರಿಸುವ ಬಲೆ ಕೊಲಾಜೆನ್. ಕಾಯಿಲೆ ಹತ್ತಿದ ಮೇಲೆ ಮೃದ್ವಸ್ಥಿಯ ಜೀವಕೋಶಗಳೇ ಮಿತಿಮೀರಿ ಕಿಣ್ವ ಸುರಿಸಿ ಅಣುಗಳನ್ನೂ ಬಲೆಯನ್ನೂ ಕತ್ತರಿಸುತ್ತವೆ. ಮೊದಲು ನೀರು ಹೆಚ್ಚಿ ಅದು ಮೆತ್ತಗಾಗುತ್ತದೆ, ಆಮೇಲೆ ತೆಳ್ಳಗಾಗುತ್ತದೆ, ಕೊನೆಗೆ ಮೂಳೆಗೆ ಮೂಳೆ ಉಜ್ಜುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ನನಗೆ ನನ್ನ ಮಂಡಿಯ ಮೇಲೆಯೇ ಸಿಟ್ಟು ಬಂತು.

"ನೆಲದ ಮೇಲೆ ಕೂರ್ತೀರಾ?"

"ಇಲ್ಲ ಡಾಕ್ಟ್ರೇ."

ಸುಳ್ಳು.

ಎಂಟನೇ ವಯಸ್ಸಿಗೆ ಲಿಂಗದೀಕ್ಷೆಯಾದಾಗಿನಿಂದ ಒಂದು ದಿನವೂ ತಪ್ಪದೆ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಎಡಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿದವಳು. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ಅತ್ತೆ ಇದ್ದಾರೆ. ಎಂಬತ್ತನಾಲ್ಕು ವರ್ಷ. ದಿನಾ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಒಂದು ಗಂಟೆ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿಯೊಂದಿಗೆ ಹೊರಗೆ ಬರುತ್ತಾರೆ. ಅವರ ಮುಂದೆ ಅರವತ್ತೊಂದರ ಸೊಸೆ ಕುರ್ಚಿ ಎಳೆದುಕೊಳ್ಳುವುದೇ? ಯಜಮಾನರು ಒಮ್ಮೆ ಕುರ್ಚಿ ತಂದಿಟ್ಟರೆ, ಮುಖ ಗಂಟಿಕ್ಕಿ ವಾಪಸ್ ಇಡಿಸಿದೆ.

ಡಾಕ್ಟರು ನೋವಿನ ಮಾತ್ರೆ ಕೊಟ್ಟು, ತಡೆಯಲಾಗದ ದಿನ ಮಾತ್ರ, ಊಟದ ಮೇಲೆ ಮಾತ್ರ ಎಂದಿದ್ದರು. ನಾನು ಎರಡನ್ನೂ ಮೀರಿದೆ. ಪೂಜೆಯ ಮೊದಲು ತುತ್ತು ಮುಟ್ಟುವಂತಿಲ್ಲ. ಮಾತ್ರೆ ನುಂಗದೆ ಮಣೆಯ ಮೇಲೆ ಕೂರುವಂತಿಲ್ಲ. ಹೀಗೆ ಬರೀ ಹೊಟ್ಟೆಗೆ ದಿನಾ ಒಂದು ಮಾತ್ರೆ. ಕಿಣ್ವದ ಪಾಠ ಮಾಡಿದವಳ ಬುದ್ಧಿ ಇಷ್ಟು! ಹೊಟ್ಟೆ ಉರಿಯಿತು, ಮಂಡಿ ಊದಿತು. ಹಗಲೆಲ್ಲ ಸುಸ್ತು. ಯಾರ ಹತ್ತಿರವೂ ಹೇಳಲಿಲ್ಲ.

ಒಂದು ಸೋಮವಾರ ಪೂಜೆಯ ನಡುವೆ ಮಂಡಿ ಹಿಡಿದುಕೊಂಡಿತು. ಬಿಡಿಸಲು ಅಲುಗಾಡಿದೆ. ಎಡಗೈ ವಾಲಿತು.

ಲಿಂಗ ಜಾರಿತು.

ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡೆ. ನೆಲ ಮುಟ್ಟಲಿಲ್ಲ. ಆದರೆ ಎರಡೂ ಕೈ ಎದೆಯ ಮೇಲೆ, ಊರಿ ಏಳಲು ಕೈಯಿಲ್ಲ. "ಅತ್ತೇ" ಎಂದು ಕೂಗಿದೆ. ಅವರು ಗೋಡೆ ಹಿಡಿದುಕೊಂಡು ಬಂದರು. ಒಬ್ಬರ ಲಿಂಗ ಇನ್ನೊಬ್ಬರು ಮುಟ್ಟುವಂತಿಲ್ಲ, ಅದಕ್ಕೆ ಲಿಂಗವಿಡುವ ಕರಡಿಗೆಯ ಮುಚ್ಚಳ ತೆಗೆದು ಹಿಡಿದರು. ನಾನೇ ಒಳಗಿಟ್ಟೆ. ಆಮೇಲೆ ಯಜಮಾನರು ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಮದುವೆಯಾಗಿ ಬಂದ ವರ್ಷ ಅತ್ತ ಹಾಗೆ ಅತ್ತುಬಿಟ್ಟೆ.

ಮತ್ತೆ ತುಮಕೂರಿಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಡಾಕ್ಟರು ಬೈಯಲಿಲ್ಲ. "ಮಾತ್ರೆ ನೋವು ಮುಚ್ಚುತ್ತೆ ಮೇಡಂ, ಕಾರ್ಟಿಲೇಜ್ ಹಾಳಾಗೋದನ್ನ ನಿಲ್ಲಿಸಲ್ಲ," ಎಂದಷ್ಟೇ ಹೇಳಿ ಹೊಟ್ಟೆಗೆ ಔಷಧಿ ಬರೆದರು. ತೊಡೆಯ ವ್ಯಾಯಾಮ ತೋರಿಸಿದರು.

ಮನೆಗೆ ಬಂದರೆ ಅತ್ತೆ ಕೋಣೆಗೆ ಕರೆದರು.

"ನಾನು ನೆಲುಕ್ಕೆ ಕೂತು ಆರು ವರ್ಸ ಆಯ್ತು ಕಣವ್ವ. ಮಂಚದ್ ಮೇಲೇ ಕಾಲು ಇಳೇಬುಟ್ಕಂಡು ಪೂಜೆ ಮಾಡ್ತೀನಿ."

"ಮತ್ತೆ ಹೇಳ್ಬಾರ್ದಿತ್ತಾ ಅತ್ತೆ?"

"ಹೆಂಗೇಳ್ಲಿ? ನೀನು ಅಷ್ಟು ನೆಟ್ಟಗೆ ಮಣೆ ಮೇಲೆ ಕೂತಿರ್ತೀಯ. ನಂಗೆ ನಾಚ್ಕೆ. ಅದ್ಕೇ ಬಾಗ್ಲು ಹಾಕ್ಕಂತಿದ್ದೆ."

ಅವರ ಪಾದ ಹಿಡಿದುಕೊಳ್ಳೋಣ ಎಂದರೆ ಬಗ್ಗಲೂ ಆಗಲಿಲ್ಲ.

ಮಂಡಿ ವಾಸಿಯಾಗಿಲ್ಲ, ಆಗುವುದೂ ಇಲ್ಲ. ಮುಂದೆ ಆಪರೇಷನ್ ಬೇಕಾಗಬಹುದು. ಸದ್ಯಕ್ಕೆ ಅತ್ತೆಯ ಕೋಣೆಯಲ್ಲಿ ಅವರ ಮಂಚದ ಪಕ್ಕ ನನ್ನ ಕುರ್ಚಿ ಇದೆ. ಬಾಗಿಲು ತೆರೆದೇ ಇರುತ್ತದೆ. ಪೂಜೆ ಮುಗಿಸಿ ಏಳುವಾಗ ನನ್ನ ಮಂಡಿ ಕಟಕ್ಕೆನ್ನುತ್ತದೆ, ಒಂದು ಗಳಿಗೆ ಬಿಟ್ಟು ಅತ್ತೆಯದೂ.