‘ನನ್ನನ್ನು ನಂಬಬೇಡಿ’ ಎನ್ನುವ ದನಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಕಚೇರಿಯಲ್ಲಿ ಎರಡು ಪರದೆಗಳ ಮುಂದೆ ಕುಳಿತ ನಡುವಯಸ್ಸಿನ ಮಹಿಳೆಯೊಬ್ಬರು ಯಾವುದೋ ಕಾರ್ಖಾನೆಗೆ ಫೋನ್ ಮಾಡುತ್ತಿದ್ದಾರೆ. “ನಮಸ್ಕಾರ ಸರ್, ನಿಮ್ಮ ಕಂಪ್ಯೂಟರ್ ಪಾಸ್‌ವರ್ಡ್ ಕಳುವಾಗಿದೆ...” ಎನ್ನುವಷ್ಟರಲ್ಲಿ ಆ ಕಡೆಯವರು ಬಾಯಿಗೆ ಬಂದಂತೆ ಬೈದು ಫೋನ್ ಇಡುತ್ತಾರೆ. ಇವರು ಆರಿದ ಚಹಾ ಒಂದು ಗುಟುಕು ಕುಡಿದು ಮತ್ತೆ ಅದೇ ನಂಬರ್ ಒತ್ತುತ್ತಾರೆ.

ಇವರು ಸೈಬರ್ ಬೆದರಿಕೆಗಳ ವಿಶ್ಲೇಷಕಿ. ಕದ್ದ ಪಾಸ್‌ವರ್ಡ್‌ಗಳು ಬಿಕರಿಯಾಗುವ ಅಂತರ್ಜಾಲದ ಕಳ್ಳಸಂತೆಯನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು, ಕನ್ನ ಬೀಳುವ ಮೊದಲೇ ಮನೆಯವರನ್ನು ಎಬ್ಬಿಸುವುದು ಇವರ ಕೆಲಸ. ದಿನಕ್ಕೆ ಬರುವ ಸಾವಿರಾರು ಅಪಾಯದ ಸೂಚನೆಗಳನ್ನು ಕಂಪ್ಯೂಟರ್ ಯಂತ್ರವೇ ಜರಡಿ ಹಿಡಿಯುತ್ತದೆ. ಇವರ ಪಾಲಿಗೆ ಉಳಿಯುವುದು ನೂರೋ ಇನ್ನೂರೋ. ಪತ್ತೆ ಹಚ್ಚುವುದಕ್ಕಿಂತ ನಂಬಿಸುವುದೇ ಹರಸಾಹಸ. ಹಿಂದೆ ಕಾಲ್ ಸೆಂಟರಿನಲ್ಲಿ ಎಂಟು ವರ್ಷ ಪಳಗಿದ ದನಿ ಬೇರೆ, ಬೆಣ್ಣೆಯಂತೆ ನುಣುಪು. “ವಂಚಕರೂ ಹೀಗೇ ಮಾತಾಡೋದು ಕಣೇ, ನಾನಾಗಿದ್ರೂ ಫೋನ್ ಇಡ್ತಿದ್ದೆ” ಎಂದು ಗಂಡ ಕಿಚಾಯಿಸುತ್ತಾರೆ. ಇವರೂ ನಗುತ್ತಾರೆ. ಆದರೆ ಶಾಲೆಯೊಂದು ಎಚ್ಚರಿಸಲು ಹೋದ ಇವರ ಮೇಲೆಯೇ ಪೊಲೀಸರಿಗೆ ದೂರು ಕೊಟ್ಟ ದಿನ ಊಟ ಸೇರಿರಲಿಲ್ಲ.

ಕಳೆದ ತಿಂಗಳ ಮಾತು. ಮಕ್ಕಳ ಆಸ್ಪತ್ರೆಯೊಂದರ ಕಂಪ್ಯೂಟರಿಗೆ ನುಗ್ಗುವ ದಾರಿ ಮಾರಾಟಕ್ಕಿದೆ ಎಂದು ಆ ಕಳ್ಳಸಂತೆಯಲ್ಲಿ ರಾತ್ರಿ ಬಿದ್ದ ಜಾಹೀರಾತು ಬೆಳಗಾಗುವಷ್ಟರಲ್ಲಿ ಮಾಯವಾಗಿತ್ತು. ಜಾಹೀರಾತು ಹೋಯಿತು, ಅಪಾಯವೂ ಹೋಯಿತು ಎಂದು ಯಂತ್ರ ಅದನ್ನು ಬದಿಗೆ ಸರಿಸಿತ್ತು. ಇವರು ಅದನ್ನು ಮತ್ತೆ ಎಳೆದು ತೆರೆದರು. “ಆ ಮಾರೋನನ್ನ ಎರಡು ವರ್ಷದಿಂದ ನೋಡ್ತಿದೀನಿ. ಗಿರಾಕಿ ಸಿಗೋ ತನಕ ಬಾಯಿ ಮುಚ್ಚೋ ಆಸಾಮಿ ಅಲ್ಲ. ಸುಮ್ಮನಾದ ಅಂದ್ರೆ ಮಾಲು ಹೋಗಿದೆ.” ಕೊಂಡವನು ಒಳಗೆ ಹೋಗಿ, ದುಡ್ಡು ಕೊಡುವ ತನಕ ತೆರೆಯದಂತೆ ಕಂಪ್ಯೂಟರಿನ ಕಡತಗಳಿಗೆಲ್ಲ ಬೀಗ ಜಡಿದರೆ, ಯಾವ ಮಗುವಿಗೆ ಯಾವ ಔಷಧಿ ಎಂಬುದೂ ಸಿಗದೆ ವೈದ್ಯರು ಕೈಕಟ್ಟಿ ನಿಲ್ಲಬೇಕಾಗುತ್ತಿತ್ತು.

ಆಸ್ಪತ್ರೆಯಲ್ಲಿ ಫೋನ್ ಎತ್ತಿದ ಹಿರಿಯ ಹೆಂಗಸು ಎರಡು ಸಲ ಅದನ್ನು ಕುಕ್ಕಿ ಇಟ್ಟರು. ಮೂರನೇ ಸಲ ಇವರು ನಯವನ್ನೆಲ್ಲ ಬಿಟ್ಟರು. “ಅಮ್ಮಾ, ನನ್ನನ್ನ ನಂಬಬೇಡಿ. ನಾನು ಏನೂ ಕೇಳಲ್ಲ, ನೀವೂ ಏನೂ ಹೇಳಬೇಡಿ. ಕಂಪ್ಯೂಟರ್ ನೋಡ್ಕೊಳೋರನ್ನ ಎಬ್ಬಿಸಿ, ಹೊರಗಿನೋರು ಯಾರಾದ್ರೂ ಒಳಗೆ ಬಂದಿದಾರಾ ನೋಡು ಅಂತ ಹೇಳಿ.”

“ದುಡ್ಡು ಬೇಡ್ವಾ?”

“ಬೇಡಮ್ಮ.”

“ಓಟಿಪಿ?”

“ಅದೂ ಬೇಡ.”

“ಮತ್ತೆ ನಿನಗೇನು ಸಿಗುತ್ತೆ?”

ಇವರು ಉತ್ತರ ಕೊಡುವ ಮೊದಲೇ ಆ ಕಡೆ ಫೋನ್ ಇಟ್ಟ ಸದ್ದಾಯಿತು.

ಆದರೆ ಆಕೆ ಎಬ್ಬಿಸಿದ್ದರು. ಕಂಪ್ಯೂಟರಿನೊಳಗೆ ಆಗಲೇ ಕಳ್ಳನಿದ್ದ, ಬೀಗ ಹಾಕುವ ಸಿದ್ಧತೆಯಲ್ಲಿದ್ದ. ಅವನನ್ನು ಹೊರದಬ್ಬಿ ಬಾಗಿಲು ಭದ್ರಪಡಿಸಿದರು. ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಔಷಧಿ ಸಿಕ್ಕಿತು. ಪತ್ರಿಕೆಯಲ್ಲಿ ಒಂದು ಸಾಲೂ ಬರಲಿಲ್ಲ. ಏನೂ ಆಗದಿದ್ದರೆ ಸುದ್ದಿ ಎಲ್ಲಿಂದ ಬರಬೇಕು?

ಇದೆಲ್ಲ ಇವರಿಗೆ ಬೇಸರವಲ್ಲವೇ? “ಬೇಸರ ಯಾಕೆ?” ಎಂದು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ. “ಮೊನ್ನೆ ಇನ್ನೊಂದು ವಿಷಯಕ್ಕೆ ಅದೇ ಆಸ್ಪತ್ರೆಗೆ ಫೋನ್ ಮಾಡಿದೆ. ನನ್ನ ಹೆಸರು ಹೇಳಿದ ತಕ್ಷಣ ಆಯಮ್ಮ ಇಟ್ಟೇಬಿಟ್ರು. ಐದು ನಿಮಿಷಕ್ಕೆ ನಮ್ಮ ಕಚೇರಿ ನಂಬರ್ ತಾವೇ ಹುಡುಕಿ ಫೋನ್ ಮಾಡಿ, ‘ಈಗ ಹೇಳು ಮಗಳೇ, ಇದು ನೀನೇ ಅಂತ ಗೊತ್ತಾಯ್ತು’ ಅಂದ್ರು. ಎಲ್ಲರೂ ಹಾಗೇ ಮಾಡಿದ್ರೆ ಸಾಕು ನೋಡಿ.”